ಕಾಗೆ ಇಲ್ಲದ ಊರಿನ ಎಡೆ

ಹೋದ ಜುಲೈನ ಚಳಿಗಾಲದಲ್ಲಿ ಗಂಡ, ಮಗಳ ಜೊತೆ ದಕ್ಷಿಣದ ಗುಡ್ಡಗಳ ನಡುವಿನ ಆರೋಟೌನಿಗೆ ಹೋಗಿದ್ದೆ. ಮಗಳು ಹಿಮ ನೋಡಲೇಬೇಕೆಂದು ಹಟ ಹಿಡಿದಿದ್ದಳು. ಊರಿನಿಂದ ಸ್ಕೀ ಫೀಲ್ಡಿಗೆ ಹತ್ತುವ ದಾರಿಯಲ್ಲಿ, ಹಿಮದಲ್ಲಿ ಜಾರದಂತೆ ಕಾರಿನ ಚಕ್ರಕ್ಕೆ ಚೈನು ಕಟ್ಟಿಕೊಳ್ಳಲೆಂದು ಬಿಟ್ಟಿರುವ ಜಾಗದಲ್ಲಿ ಗಾಡಿ ನಿಲ್ಲಿಸಿ ಚಿಪ್ಸ್ ಪೊಟ್ಟಣ ಒಡೆದಿದ್ದೆವೋ ಇಲ್ಲವೋ, ಕಿತ್ತಳೆ ಬಣ್ಣದ ಜಾಕೆಟ್ಟಿನ ಹುಡುಗಿಯೊಬ್ಬಳು ಓಡಿ ಬಂದಳು. ಕೀಯಾ ಹಕ್ಕಿಗಳಿಗೆ ಏನನ್ನೂ ತಿನ್ನಿಸಬೇಡಿ, ಅವಕ್ಕೆ ಕಾಯಿಲೆ ಬರುತ್ತದೆ ಎಂದು ನಗುನಗುತ್ತಲೇ ಗದರಿದಳು. ನನ್ನ ಗಂಡ ತಪ್ಪಾಯಿತೆಂದು ಪೊಟ್ಟಣ ಮುಚ್ಚಿದ. ನಾನು ಮಾತ್ರ ನಗು ತಡೆಯಲಾರದೆ ಆ ಕಡೆ ತಿರುಗಿದೆ. ಒಂದು ಇಡೀ ಚಳಿಗಾಲ ಅದೇ ಜಾಗದಲ್ಲಿ ಅದೇ ಬಣ್ಣದ ಜಾಕೆಟ್ ಹಾಕಿಕೊಂಡು, ಅದೇ ಮಾತನ್ನು ದಿನವಿಡೀ ಹೇಳಿ ಸಂಬಳ ತೆಗೆದುಕೊಂಡವಳು ನಾನು. ಇಳಿದು ಬರುವ ಗಾಡಿಗಳ ಕಾದ ಬ್ರೇಕಿನ ವಾಸನೆಯೂ ಒದ್ದೆ ಉಣ್ಣೆಯ ಕೈಗವಸಿನ ವಾಸನೆಯೂ ಹಾಗೇ ಇದ್ದವು. ಆ ವಾಸನೆಯ ಜೊತೆಗೇ ಜಯಾ ಆಂಟಿ ಕಣ್ಣ ಮುಂದೆ ಬಂದು ನಿಂತರು.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಮೈಸೂರಿನಿಂದ ಆಹಾರ ವಿಜ್ಞಾನ ಓದಲು ಬಂದವಳು, ಓದು ಮುಗಿಸಿ ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿ ಮೂವರು ಫ್ಲ್ಯಾಟ್‌ಮೇಟ್‌ಗಳ ಜೊತೆ ಒಂದು ಬಚ್ಚಲು ಹಂಚಿಕೊಂಡು, ಪೆನ್‌ರೋಸ್‌ನ ಗೋಡೌನಿನಲ್ಲಿ ಪೆಟ್ಟಿಗೆಗಳ ಮೇಲೆ ಸ್ಟಿಕ್ಕರ್ ಅಂಟಿಸುತ್ತಿದ್ದೆ. ಆಹಾರಕ್ಕೂ ನನಗೂ ಇದ್ದ ಸಂಬಂಧವೆಂದರೆ ಆ ಪೆಟ್ಟಿಗೆಗಳ ಒಳಗೆ ಕೆಲವೊಮ್ಮೆ ಬಿಸ್ಕತ್ತು ಇರುತ್ತಿದ್ದದ್ದು. ಒಂದು ಸಂಜೆ ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಕೆಲಸ ಹುಡುಕುವಾಗ, ದಕ್ಷಿಣದ ಆರೋಟೌನಿನ ಸ್ಕೀ ಫೀಲ್ಡಿನಲ್ಲಿ ಚಳಿಗಾಲಕ್ಕೆ ಜನ ಬೇಕು ಎಂದು ಕಂಡಿತು. ಎರಡನೇ ಸಲ ಯೋಚಿಸದೆ ಅರ್ಜಿ ಹಾಕಿಬಿಟ್ಟೆ. ಅಮ್ಮ ಫೋನಿನಲ್ಲಿ, "ಸುಮಾ, ಎಂ.ಎಸ್ಸಿ. ಮಾಡ್ಕೊಂಡು ಪಾರ್ಕಿಂಗ್ ಕಾಯೋಕೆ ಹೋಗ್ತಿದೀಯಾ?" ಎಂದು ಕೇಳಿದ್ದಕ್ಕೆ, ಪಾರ್ಕಿಂಗ್ ಅಲ್ಲಮ್ಮ ಹಿಮಾಲಯದ ಥರ ಇದೆ ಎಂದೆ. ಅಮ್ಮ ನಂಬಲಿಲ್ಲ. ನಾನೂ ನಂಬಿರಲಿಲ್ಲ.

ಗೋಡೌನಿನಲ್ಲಿ ಜೊತೆಗಿದ್ದ ಹಿರಿಯರೊಬ್ಬರು, ಆ ಊರಿನಲ್ಲಿ ನಮ್ಮ ಮಂಡ್ಯದವರೊಬ್ಬರ ಮನೆಯಿದೆ, ರೂಮು ಕೊಟ್ಟಾರು, ಕೇಳಿ ನೋಡು ಎಂದು ನಂಬರು ಕೊಟ್ಟಿದ್ದರು. ಆ ಮನೆಯ ಯಜಮಾನರು ಚಂದ್ರು ಅಂಕಲ್ ಮೊದಲು ಪೆನ್‌ರೋಸ್‌ನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರಂತೆ. ಆಮೇಲೆ ಜನರನ್ನು ಗುಡ್ಡ ಹತ್ತಿಸುವ ಸ್ಕೀ ಲಿಫ್ಟುಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿ, ಹೆಂಡತಿ ಮಗಳನ್ನು ಕಟ್ಟಿಕೊಂಡು ಆ ಊರಿಗೆ ಬಂದು ಅಲ್ಲೇ ಬೇರು ಬಿಟ್ಟಿದ್ದರು. ನಾನು ಹೋಗುವ ಹಿಂದಿನ ಆಗಸ್ಟಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಮಗಳು ಸಿಂಚನ ಆಕ್ಲೆಂಡಿನ ಹತ್ತಿರದ ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಳು. ಮನೆಯಲ್ಲಿ ಇದ್ದದ್ದು ಜಯಾ ಆಂಟಿ ಒಬ್ಬರೇ.

ನಾನು ಏಪ್ರಿಲ್‌ನಲ್ಲಿ ಬಂದಿಳಿದಾಗ ಊರಿಗೆ ಊರೇ ಹಳದಿಯಾಗಿತ್ತು. ಚಿನ್ನ ಹುಡುಕಿಕೊಂಡು ಬಂದವರು ಕಟ್ಟಿದ ಊರದು. ಅವರ ಪುಟ್ಟ ಪುಟ್ಟ ಮನೆಗಳು ಸಾಲಾಗಿ ಇನ್ನೂ ನಿಂತಿವೆ, ಅವುಗಳ ಮುಂದೆ ಆ ಕಾಲದವರೇ ನೆಟ್ಟ ದೊಡ್ಡ ಮರಗಳು. ಗುಡ್ಡದ ಮೇಲೂ ಹೊಳೆಯ ದಂಡೆಯಲ್ಲೂ ಹಳದಿ, ಕೆಂಪು, ತಾಮ್ರದ ಬಣ್ಣದ ಎಲೆ. ಅದನ್ನು ನೋಡಲು ಬಸ್ಸುಗಟ್ಟಲೆ ಜನ ಬಂದು ರಸ್ತೆಯ ನಡುವೆ ಮಲಗಿಕೊಂಡೂ ಫೋಟೋ ತೆಗೆಯುತ್ತಿದ್ದರು. ನಾನೂ ಸೂಟ್‌ಕೇಸ್ ಹಿಡಿದುಕೊಂಡೇ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಜಯಾ ಆಂಟಿ ಬಾಗಿಲು ತೆಗೆದು ಒಂದು ಸಲ ನನ್ನನ್ನೂ ಒಂದು ಸಲ ಮರವನ್ನೂ ನೋಡಿ, "ಎಲೆ ಉದುರಾದ ನೋಡಾಕೆ ಕಾಸು ಕೊಟ್ಕಂಡು ಬತ್ತವೆ ಜನ. ಗುಡಿಸೋರು ನಾವು. ಬಾ ಒಳಕ್ಕೆ, ಥಂಡಿ ಹೊಡೀತದೆ" ಎಂದರು.

ಅವರಿಗೆ ಆ ಊರನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ತಿಳಿಯಲು ನನಗೆ ಒಂದು ವಾರವೂ ಬೇಕಾಗಲಿಲ್ಲ. ದೊಡ್ಡ ಬೀದಿಯ ಬೇಕರಿಯೊಂದರಲ್ಲಿ ಪೈ ಮಾಡುವ ಕೆಲಸ ಅವರದು. ಒಳಗೆ ಮಾಂಸದ ಗೊಜ್ಜು ತುಂಬಿ ಮೇಲೆ ಮೈದಾ ಹಿಟ್ಟಿನ ಮುಚ್ಚಳ ಹಾಕಿ ಬೇಯಿಸುವ ಆ ಪೈಗಳಿಗೆ ಪ್ರವಾಸಿಗರು ಸಾಲು ನಿಲ್ಲುತ್ತಿದ್ದರು. ಆಂಟಿ ಮಾತ್ರ ಒಂದನ್ನೂ ಬಾಯಿಗಿಡುತ್ತಿರಲಿಲ್ಲ. ಯುಗಾದಿಗೆ ಚಿಗುರು ಬರಬೇಕಾದ ಹೊತ್ತಿಗೆ ಇಲ್ಲಿ ಮರ ಬೋಳಾಗುವುದು, ಜೂನಿನಲ್ಲಿ ಮಧ್ಯಾಹ್ನದ ಟೀಗೆ ನೀರಿಡುವಷ್ಟರಲ್ಲಿ ಸೂರ್ಯ ಗುಡ್ಡದ ಹಿಂದಕ್ಕೆ ಜಾರಿಕೊಳ್ಳುವುದು, ಮನೆ ಮನೆಯ ಸೌದೆ ಒಲೆಯ ಹೊಗೆ ಮೇಲೆ ಹೋಗದೆ ಊರಿನ ತಲೆಯ ಮೇಲೇ ಕೂತುಬಿಡುವುದು, ಇವೆಲ್ಲ ಅವರ ಮೇಲೆ ಯಾರೋ ಬೇಕೆಂದೇ ಮಾಡಿದ ಕಿತಾಪತಿ ಎಂಬಂತೆ ಮಾತಾಡುತ್ತಿದ್ದರು.

ಅಂಕಲ್ ಇದಕ್ಕೆ ತದ್ವಿರುದ್ಧ. ಅವರನ್ನು ನಾನು ನೋಡಿದವಳಲ್ಲ, ಆದರೆ ಆ ಮನೆಯ ಗ್ಯಾರೇಜಿಗೆ ಹೋದರೆ ಸಾಕು, ಗೊತ್ತಾಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ದಾರಿಯಲ್ಲಿ ತುಳಿಯಲು ಸೈಕಲ್ಲು, ಚಳಿಗಾಲಕ್ಕೆ ಸ್ಕೀ, ಗುಡ್ಡ ಹತ್ತಲು ಕೋಲು, ಹೊಳೆಯ ಮರಳಲ್ಲಿ ಚಿನ್ನ ಜಾಲಿಸಲು ತಗಡಿನ ತಟ್ಟೆ. ಪ್ರವಾಸಿಗರು ಒಂದು ಮಧ್ಯಾಹ್ನದ ಮಜಕ್ಕೆ ಜಾಲಿಸಿ ಹೋಗುವ ಆ ಚಿನ್ನವನ್ನು ಅಂಕಲ್ ವರ್ಷಗಟ್ಟಲೆ ಜಾಲಿಸಿದ್ದರಂತೆ. ಹೆಂಡತಿಗೆ ಓಲೆ ಮಾಡಿಸುವುದಾಗಿ ಹೇಳಿದ್ದರಂತೆ. ಕೂಡಿದ ಚಿನ್ನದ ಪುಡಿ ಒಂದು ಸಣ್ಣ ಔಷಧಿ ಸೀಸೆಯ ತಳದಲ್ಲಿ ಇತ್ತು. ಆಂಟಿ ಅದನ್ನು ಬೆಳಕಿಗೆ ಹಿಡಿದು ತೋರಿಸಿ, "ಓಲೆ ಬುಡು, ಓಲೆಯ ತಿರುಪಿಗೂ ಸಾಲಾಕಿಲ್ಲ" ಎಂದಿದ್ದರು. ಹಾಗೆನ್ನುತ್ತಲೇ ಸೀಸೆಯನ್ನು ಸೆರಗಿನಲ್ಲಿ ಒರೆಸಿ ದೇವರ ಗೂಡಿನಲ್ಲಿಟ್ಟರು.

ಸಂಜೆ ಸಿಂಚನ ಫೋನ್ ಮಾಡುತ್ತಿದ್ದಳು. ಆಂಟಿ ಸ್ಪೀಕರಿಗೆ ಹಾಕಿ ಅನ್ನಕ್ಕಿಡುತ್ತಿದ್ದರು. ತಾಯಿಯದು ಮಂಡ್ಯದ ಕನ್ನಡ, ಮಗಳದು ಆ ದೇಶದ ಕೀವಿ ಇಂಗ್ಲಿಷು. ಇಬ್ಬರಿಗೂ ಪರಸ್ಪರ ಪೂರ್ತಿ ಅರ್ಥವಾಗುತ್ತಿತ್ತು, ಜಗಳಕ್ಕೆ ಏನೂ ಅಡ್ಡಿ ಇರಲಿಲ್ಲ. ಮಗಳ ಬೇಡಿಕೆ ಒಂದೇ: ಮನೆ ಮಾರಿ ಹ್ಯಾಮಿಲ್ಟನ್ನಿಗೆ ಬಾ. ಅಲ್ಲಿ ಬಿಸಿಲಿದೆ, ಕನ್ನಡದವರಿದ್ದಾರೆ, ನಾನಿದ್ದೇನೆ. ಆಂಟಿ ಏನೋ ಒಂದು ನೆಪ ಹೇಳಿ ಮಾತು ತೇಲಿಸುತ್ತಿದ್ದರು. ಇಷ್ಟು ಬೈಯುವ ಊರನ್ನು ಬಿಟ್ಟು ಹೋಗಲು ಏನು ಅಡ್ಡಿ ಎಂದು ನನಗೆ ತಲೆಬುಡ ಅರ್ಥವಾಗಲಿಲ್ಲ. ಒಂದು ಸಂಜೆ ಕೇಳಿಯೇಬಿಟ್ಟೆ.

"ಆಂಟಿ, ನಿಮಗೆ ಹೋಗೋಕೆ ಇಷ್ಟ ಇಲ್ವಾ?"

"ಇಷ್ಟ ಇಲ್ದೆ ಏನವ್ವ? ಇವತ್ತು ಅಂದ್ರೆ ಇವತ್ತೇ ಗಂಟು ಕಟ್ತೀನಿ."

"ಮತ್ತೆ?"

"ಇವ್ರು ಒಪ್ಪಬೇಕಲ್ಲ."

ಯಾರು ಎಂದು ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅಂಕಲ್ ಬದುಕಿದ್ದಾಗ ಹೆಂಡತಿ ಬೇರೆ ಊರಿನ ಮಾತೆತ್ತಿದಾಗೆಲ್ಲ, ಈ ಗುಡ್ಡ ಬಿಟ್ಟು ನಾನು ಎಲ್ಲಿಗೂ ಬರಲ್ಲ, ನೀನೂ ನನ್ನ ಬಿಟ್ಟು ಹೋಗಬೇಡ ಎನ್ನುತ್ತಿದ್ದರಂತೆ. ಅವರ ಬೂದಿಯನ್ನು ಸಿಂಚನ ಶ್ರೀರಂಗಪಟ್ಟಣದ ಸಂಗಮಕ್ಕೆ ಒಯ್ದು ಬಿಟ್ಟು ಬಂದಿದ್ದಳು. ಆದರೆ ಜೀವ ಮಾತ್ರ ಇಲ್ಲೇ, ಆ ಗುಡ್ಡದ ಮೇಲೇ ಎಲ್ಲೋ ಓಡಾಡುತ್ತಿದೆ ಎಂದು ಆಂಟಿ ನಂಬಿದ್ದರು. ಗಂಡನನ್ನು ಒಂದು ಮಾತು ಕೇಳದೆ ಊರು ಬಿಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಕೇಳುವ ದಾರಿ ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ ಎಡೆ ಇಟ್ಟು ದೂರ ನಿಂತುಕೊಳ್ಳುವುದು. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ಸಮಾಧಾನವಾಗಿದೆ ಎಂದು ಅರ್ಥ, ಆಮೇಲೆ ಉಳಿದವರ ಊಟ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಹೀಗೆ ಮಾಡುತ್ತೇವೆ ಹಾಗೆ ಮಾಡುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಆಂಟಿಯ ಅತ್ತೆಯ ಎಡೆಯ ದಿನ ಕಾಗೆಗಳು ಗೋಡೆಯ ಮೇಲೆ ಕೂತು ಮಿಕಮಿಕ ನೋಡಿದವಂತೆ, ಒಂದೂ ಇಳಿಯಲಿಲ್ಲವಂತೆ. ಕೊನೆಗೆ ಚಂದ್ರು ಅಂಕಲ್, "ಎಮ್ಮೆ ಮಾರಾಕಿಲ್ಲ ಕಣವ್ವಾ, ಬಂದು ಉಣ್ಣು" ಎಂದು ಕೂಗಿದ್ದೇ ತಡ, ಮೂರು ಕಾಗೆ ಒಟ್ಟಿಗೆ ಎಲೆಯ ಮೇಲೆ ಬಿದ್ದವಂತೆ.

ತೊಂದರೆಯೆಂದರೆ ಆರೋಟೌನಿನಲ್ಲಿ ಕಾಗೆ ಇಲ್ಲ. ಆ ಸುತ್ತಿನಲ್ಲೆಲ್ಲೂ ಇಲ್ಲ. ಅಂಕಲ್ ತೀರಿಕೊಂಡ ಹನ್ನೊಂದನೆಯ ದಿನದ ಎಡೆಯನ್ನು ಮನೆಯ ಹಿಂದಿನ ಕಟ್ಟೆಯ ಮೇಲಿಟ್ಟು ಸಂಜೆವರೆಗೂ ಕಾದರಂತೆ. ಯಾವ ಹಕ್ಕಿಯೂ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಎಲೆ ಖಾಲಿ. "ಅವ್ರು ಉಂಡ್ರೋ, ಪಕ್ಕದ ಮನೆ ಬೆಕ್ಕು ಉಂಡ್ತೋ, ಹೆಂಗವ್ವಾ ತಿಳ್ಕಳಾದು?" ಎಂದು ಆಂಟಿ, ಆಹಾರ ವಿಜ್ಞಾನ ಓದಿದವಳೆಂದು ನನ್ನನ್ನೇ ಕೇಳಿದರು. ಈ ಆಗಸ್ಟಿನಲ್ಲಿ ವರ್ಷದ ಎಡೆ. ಈ ಸಲ ಬೆಕ್ಕಿನ ಅನುಮಾನ ಉಳಿಯಬಾರದು, ಕಣ್ಣಾರೆ ನೋಡಬೇಕು, ಹೋಗಲಾ ಬೇಡವಾ ಎಂದು ಕೇಳಬೇಕು. ಆ ಚಳಿಗಾಲವೆಲ್ಲ ಆಂಟಿಯ ತಲೆಯಲ್ಲಿ ಇದೊಂದೇ.

ನನ್ನ ದಿನಗಳು ಬೇರೆಯೇ ತಾಳದಲ್ಲಿದ್ದವು. ನಸುಕಿನಲ್ಲಿ ಕೆಲಸಗಾರರ ವ್ಯಾನು ಹಿಡಿದು ಗುಡ್ಡ ಹತ್ತುವುದು, ಬಾಡಿಗೆ ಕಾರುಗಳನ್ನು ತಡೆದು ನಿಲ್ಲಿಸಿ ಚೈನು ಕಟ್ಟಿಸುವುದು. ಬೆಂಗಳೂರಿನಿಂದ ಪ್ರವಾಸ ಬಂದವರು ಮುಂದಿನ ಚಕ್ರ ಬಿಟ್ಟು ಹಿಂದಿನದಕ್ಕೆ ಕಟ್ಟಿಕೊಂಡು ಮೇಲಕ್ಕೆ ಹೋಗದೆ ಪಕ್ಕಕ್ಕೆ ಜಾರುವಾಗ ಕನ್ನಡದಲ್ಲಿ ಕೂಗಿ ನಿಲ್ಲಿಸಿ ಅವರನ್ನು ಬೆಚ್ಚಿಬೀಳಿಸುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಬೆರಳು ಮರಗಟ್ಟುತ್ತಿತ್ತು, ಮೂಗು ಸೋರುತ್ತಿತ್ತು, ಆದರೆ ಮೋಡದ ಮೇಲೆ ಬಿಸಿಲು ಬಿದ್ದ ಬೆಳಿಗ್ಗೆಗಳಲ್ಲಿ ಕೆಳಗಿನ ಕಣಿವೆಯೆಲ್ಲ ಮುಚ್ಚಿಹೋಗಿ ಗುಡ್ಡದ ತುದಿಗಳಷ್ಟೇ ಕಾಣುವಾಗ ನಾನು ಪೂರ್ತಿ ಸುಖವಾಗಿದ್ದೆ. ಅದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ಗೊತ್ತಾಗುತ್ತಿರಲಿಲ್ಲ. ಮಗಳು ಎಂ.ಎಸ್ಸಿ. ಮಾಡಿ ಪಾರ್ಕಿಂಗಿನಲ್ಲಿ ಸುಖವಾಗಿದ್ದಾಳೆ ಎಂದರೆ ಯಾವ ತಾಯಿ ಕೇಳಿಸಿಕೊಳ್ಳುತ್ತಾಳೆ? ಮುಂದೆ ಏನು ಎಂದು ಯಾರಾದರೂ ನನಗೂ ಹೇಳಿಬಿಟ್ಟರೆ ಸಾಕೆನ್ನಿಸುತ್ತಿತ್ತು. ಬಹುಶಃ ಅದಕ್ಕೇ ಆಂಟಿಯ ಹಕ್ಕಿ ಹುಡುಕಾಟವನ್ನು ನಾನು ಒಂದು ದಿನವೂ ಮೂಢನಂಬಿಕೆ ಎನ್ನಲಿಲ್ಲ.

ರಜೆಯ ದಿನ ಇಬ್ಬರೂ ಹೊಳೆಯ ದಂಡೆಗೆ ಹೋಗುತ್ತಿದ್ದೆವು. ಆಂಟಿ ಹಕ್ಕಿಗಳನ್ನು ವರಪರೀಕ್ಷೆ ಮಾಡುವವರಂತೆ ನೋಡುತ್ತಿದ್ದರು. ಬಾತುಕೋಳಿಗಳು ಕರೆಯದಿದ್ದರೂ ಕಾಲ ಬುಡಕ್ಕೆ ಬಂದವು. "ಇವು ಯಾರು ಏನು ಹಾಕಿದ್ರೂ ತಿಂತವೆ. ಅದ್ರಾಗೆ ಏನು ಮಾತೈತೆ? ಬ್ಯಾಡ ಅನ್ನಾಕೂ ಬರಬೇಕು, ಅಂಥಾದ್ದು ಬೇಕು" ಎಂದು ಓಡಿಸಿದರು. ಕಡಲ ಹಕ್ಕಿಗಳನ್ನು ಕಳ್ಳರೆಂದು ತಳ್ಳಿಹಾಕಿದರು. ಕಪ್ಪು ಬಿಳುಪಿನ ಮ್ಯಾಗ್‌ಪೈ ಒಂದನ್ನು ಕಂಡು, "ಅರ್ಧ ಕಾಗೆ ಇದ್ದಂಗೈತೆ, ನಡೀಬೋದು" ಎಂದು ಆಸೆಯಿಂದ ಹತ್ತಿರ ಹೋದರೆ ಅದು ರೆಕ್ಕೆ ಬೀಸಿ ತಲೆಗೇ ಕುಕ್ಕಲು ಬಂತು. ಸ್ವೆಟರ್ ತಲೆಯ ಮೇಲೆಳೆದುಕೊಂಡು ಓಡಿ ಬಂದ ಆಂಟಿ ಮನೆ ತಲುಪುವವರೆಗೂ ಅದಕ್ಕೆ ಮಂಡ್ಯದ ಬೈಗುಳ ಬೈದರು. ಹಸುವಿಗಾದರೂ ಕೊಡಬಹುದಲ್ಲ, ಹ್ಯಾಮಿಲ್ಟನ್ನಿನ ಸುತ್ತ ಎಲ್ಲಿ ನೋಡಿದರೂ ಹಸುವೇ ಎಂದು ಸಿಂಚನ ಫೋನಿನಲ್ಲಿ ಹೇಳಿದಳು. ಆಂಟಿ ಒಪ್ಪಲಿಲ್ಲ. ಹ್ಯಾಮಿಲ್ಟನ್ನಿಗೆ ಹೋಗಲಾ ಎಂದು ಹ್ಯಾಮಿಲ್ಟನ್ನಿನ ಹಸುವನ್ನೇ ಕೇಳಿದರೆ ಅದು ಇನ್ನೇನು ಹೇಳೀತು?

ಕೀಯಾ ಹಕ್ಕಿಯ ಸುದ್ದಿ ತೆಗೆದು ಕೆಟ್ಟವಳು ನಾನೇ. ಕೋಳಿಯಷ್ಟು ದಪ್ಪದ, ಹಸಿರು ಮೈಯ ಬೆಟ್ಟದ ಗಿಳಿ ಅದು. ರೆಕ್ಕೆಯೆತ್ತಿದರೆ ಒಳಗೆಲ್ಲ ಕೆಂಡದ ಬಣ್ಣ. ಒಂದು ರಾತ್ರಿ ಊಟ ಮಾಡುತ್ತಾ, ಆ ದಿನ ಒಂದು ಕೀಯಾ ಪ್ರವಾಸಿಗರೊಬ್ಬರ ಬ್ಯಾಗಿನ ಜಿಪ್ ಎಳೆದು ಒಳಗಿನ ಸಾಮಾನನ್ನೆಲ್ಲ ಒಂದೊಂದಾಗಿ ಆಚೆ ಹಾಕಿ, ಯಾವುದೂ ಹಿಡಿಸದೆ ಹಾರಿಹೋದ ಕಥೆ ಹೇಳಿದೆ. ಆಂಟಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು.

"ಅಷ್ಟು ಬುದ್ಧಿ ಐತಾ ಅದ್ಕೆ?"

"ಸಣ್ಣ ಮಕ್ಕಳಿಗಿಂತ ಜಾಸ್ತಿ ಆಂಟಿ."

"ಗುಡ್ಡದ ಮೇಲೇ ಇರ್ತದಾ?"

ಅಲ್ಲಿಗೆ ನಾನೇ ತೋಡಿಕೊಂಡ ಗುಂಡಿ ನನಗೆ ಕಂಡಿತು. ಅವಕ್ಕೆ ಮನುಷ್ಯರ ಅನ್ನ ಹಾಕಬಾರದು ಆಂಟಿ, ಉಪ್ಪು ಎಣ್ಣೆ ತಿಂದು ಸಾಯುತ್ತವೆ, ಉಳಿದಿರುವುದೇ ಕಡಿಮೆ, ಹಾಕುವವರನ್ನು ತಡೆಯುವುದೇ ನನ್ನ ಕೆಲಸ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆಂಟಿ ಶಾಂತವಾಗಿ ಕೇಳಿಸಿಕೊಂಡು, "ತಿನ್ನಾದು ಬ್ಯಾಡ ಬುಡು. ಮುಟ್ಟಿದ್ರೆ ಸಾಕು" ಎಂದರು. ಮುಟ್ಟಿದ ಮೇಲೆ ತಿನ್ನದೆ ಬಿಡುತ್ತದೆಯೇ ಎಂದೆ. ನೀನು ಪಕ್ಕದಲ್ಲಿ ನಿಂತು ಓಡಿಸು ಎಂದರು. ಆಗಲ್ಲ ಎಂದೆ. ಅವರು ಎದ್ದು ಕೈ ತೊಳೆದುಕೊಂಡರು. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಊಟದ ಡಬ್ಬಿ ಮಾತ್ರ ಎಂದಿನಂತೆ ಕಟ್ಟಿಡುತ್ತಿದ್ದರು. ಕೊನೆಗೆ ನನ್ನ ಮೇಲಧಿಕಾರಿ ಟ್ರೇಸಿಗೆ ಎಲ್ಲವನ್ನೂ ಹೇಳಿದೆ. ಟ್ರೇಸಿ ಅಂಕಲ್ ಜೊತೆ ಬಹಳ ವರ್ಷ ಕೆಲಸ ಮಾಡಿದವಳು. ಅವಳು ಬೂಟಿನಿಂದ ಹಿಮ ಕೆದರುತ್ತಾ, ಜಾಗ ಬಳಸಿಕೊಳ್ಳಿ, ಆದರೆ ಒಂದು ಅಗುಳೂ ಹಕ್ಕಿಯ ಹೊಟ್ಟೆಗೆ ಹೋಗಬಾರದು, ಅದು ನಿನ್ನ ಜವಾಬ್ದಾರಿ ಎಂದು ಹೇಳಿ, ಹಿಮ ಗುಡಿಸುವ ಉದ್ದ ಪೊರಕೆಯನ್ನು ನನ್ನ ಕೈಗೆ ಕೊಟ್ಟಳು.

ಆಗಸ್ಟಿನ ಕೊನೆಯಲ್ಲಿ ಆ ದಿನ ಬಂತು. ಜೋರು ಗಾಳಿಯಿಂದಾಗಿ ಲಿಫ್ಟುಗಳನ್ನು ನಿಲ್ಲಿಸಿದ್ದರು, ಪಾರ್ಕಿಂಗಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಸಿಂಚನ ಹಿಂದಿನ ದಿನವೇ ಬಂದಿದ್ದಳು. ಅವಳಿಗೆ ಈ ಕಾಗೆ ಗೀಗೆಯಲ್ಲಿ ನಂಬಿಕೆಯಿರಲಿಲ್ಲ, ಆದರೂ ಹ್ಯಾಮಿಲ್ಟನ್ನಿನ ಅಂಗಡಿಯಿಂದ ರಾಗಿ ಹಿಟ್ಟನ್ನೂ ಫ್ರೀಜರಿನ ಬಾಳೆ ಎಲೆಯನ್ನೂ ತಪ್ಪದೆ ತಂದಿದ್ದಳು. ಅಂಕಲ್ ಅವರ ಹಳೇ ಯೂಟ್ ಅನ್ನು, ಹಿಂದೆ ಸಾಮಾನು ಹೇರುವ ಆ ಗಾಡಿಯನ್ನು, ನಾನೇ ಓಡಿಸಿದೆ. ಎಷ್ಟೋ ವರ್ಷ ಆ ಊರಲ್ಲಿದ್ದೂ ಆಂಟಿ ಈ ದಾರಿ ಹತ್ತಿರಲಿಲ್ಲವಂತೆ. ತಿರುವುಗಳಲ್ಲಿ ಕಣ್ಣು ಮುಚ್ಚಿ, ಬಟ್ಟೆಯಲ್ಲಿ ಸುತ್ತಿದ ಮುದ್ದೆಯ ಪಾತ್ರೆಯನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದರು.

ಚೈನು ಕಟ್ಟುವ ಜಾಗದ ಮರದ ಬೆಂಚಿನ ಮೇಲಿನ ಹಿಮ ಒರೆಸಿ ಎಲೆ ಹಾಸಿದೆವು. ಎಲೆ ಅಲ್ಲಲ್ಲಿ ಸೀಳಿತ್ತು. ಆಂಟಿ ಬಿಸಿ ಮುದ್ದೆ, ಕೋಳಿ ಸಾರು, ಹುರುಳಿಕಾಳು ಪಲ್ಯ ಬಡಿಸಿದರು. "ಅಪ್ಪ ಈಸ್ ಗೋಯಿಂಗ್ ಟು ವಾಂಟ್ ದ ಪೈ" ಎಂದು ಸಿಂಚನ ನೆನಪಿಸಿದಳು. ಆಂಟಿ ತಾವೇ ಮಾಡಿದ ಪೈಯನ್ನು ಎಲೆಯ ತುದಿಗಿಟ್ಟರು, ಪಕ್ಕದಲ್ಲಿ ಒಂದು ಬಿಯರ್ ಕ್ಯಾನು. ಊದುಬತ್ತಿ ಗಾಳಿಗೆ ಹತ್ತಲೇ ಇಲ್ಲ. ತಾಯಿ ಮಗಳು ಕೈ ಮುಗಿದು ಹಿಂದೆ ಸರಿದರು. ನಾನು ಪೊರಕೆ ಹಿಡಿದು ಬೆಂಚಿನ ಪಕ್ಕ ನಿಂತೆ. ಕರೆಯುವುದೂ ನಾವೇ, ಓಡಿಸುವುದೂ ನಾವೇ. ನಾನು ಯಾರ ಕಡೆಯವಳು ಎಂದು ನನಗೇ ತಿಳಿಯದಂತಾಗಿತ್ತು.

ಕೀಯಾ ಒಂದು ಇತ್ತು. ದೂರದ ಶೆಡ್ಡಿನ ಸೂರಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು, ಅಲುಗಲಿಲ್ಲ.

"ರೀ, ನಾನು ಸಿಂಚನನ ತಾವ ಹೋಗನಾ ಅಂತಿದೀನಿ. ಏನಂತೀರಾ?" ಎಂದು ಆಂಟಿ ಗುಡ್ಡದ ಕಡೆ ತಿರುಗಿ ಕೇಳಿದರು. ಗಾಳಿ ಅವರ ಮಾತನ್ನು ಬಾಯಿಂದಲೇ ಕಿತ್ತುಕೊಂಡು ಹೋಗುವಂತಿತ್ತು. ಹಕ್ಕಿ ಕತ್ತು ಓರೆ ಮಾಡಿತು, ಬರಲಿಲ್ಲ. ಆಂಟಿ ಎರಡು ಹೆಜ್ಜೆ ಮುಂದೆ ಬಂದು ಮಾತು ಕೊಡತೊಡಗಿದರು. "ನಿಮ್ಮ ಸೈಕಲ್ ಮಾರಾಕಿಲ್ಲ." ಬರಲಿಲ್ಲ. "ಊರಲ್ಲಿ ನಿಮ್ಮಣ್ಣನ ಜೊತೆ ಮಾತು ಬುಟ್ಟಿದೀನಲ್ಲ, ನಾನೇ ಫೋನ್ ಮಾಡ್ತೀನಿ." ಬರಲಿಲ್ಲ. "ನಿಮ್ಮ ಚಿನ್ನದ ಪುಡಿ ಸಿಂಚನಂಗೆ ಕೊಡ್ತೀನಿ, ಅವಳ ತಾಳಿಗೆ ಸೇರಿಸಾಕೆ." ಸಿಂಚನ ಆಕಾಶ ನೋಡಿದಳು. ಮುದ್ದೆಯ ಹಬೆ ಕಡಿಮೆಯಾಗುತ್ತಾ ಬಂತು. ಆಂಟಿಯ ಮುಖ ನೋಡಲಾಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು, ಕಣ್ಣಿನಲ್ಲಿ ನೀರು ಬಂದದ್ದು ಗಾಳಿಗಲ್ಲ.

ಕೊನೆಗೆ ಅವರು ಶಾಲನ್ನು ಬಿಗಿಯಾಗಿ ಹೊದ್ದುಕೊಂಡು ಸಣ್ಣ ದನಿಯಲ್ಲಿ, "ಹೋಗ್ಲಿ ಬುಡಿ. ನೀವು ಬ್ಯಾಡ ಅಂದ್ರೆ ನಾನು ಇಲ್ಲೇ ಇದ್ಬುಡ್ತೀನಿ—" ಎಂದರು.

ಅದೇ ಗಳಿಗೆಗೆ ಹಕ್ಕಿ ತನ್ನ ಹೆಸರನ್ನೇ ಕೂಗಿಕೊಂಡು ಸೂರಿನಿಂದ ಹಾರಿತು. ಕೆಂಡದ ರೆಕ್ಕೆ ಬಿಚ್ಚಿ ನೇರ ನಮ್ಮ ಕಡೆಗೇ. ಈಗ ಇದು ಎಲೆ ಮುಟ್ಟಿದರೆ ಆಂಟಿ ಸಾಯುವವರೆಗೂ ಈ ಚಳಿಯಲ್ಲಿ, ಈ ಹೊಗೆಯಲ್ಲಿ. ಪೊರಕೆಯನ್ನು ತಲೆಯ ಮೇಲೆತ್ತಿದೆ. ಸತ್ಯ ಹೇಳುತ್ತೇನೆ, ಟ್ರೇಸಿಗಾಗಿಯೂ ಅಲ್ಲ, ಹಕ್ಕಿಯ ಆರೋಗ್ಯಕ್ಕಾಗಿಯೂ ಅಲ್ಲ.

ಹೊಡೆಯುವ ಅಗತ್ಯ ಬೀಳಲಿಲ್ಲ. ಅದು ಎಲೆಯ ಮೇಲೆ ಹಾದು, ಮುದ್ದೆಯ ಕಡೆಗೂ ಕೋಳಿಯ ಕಡೆಗೂ ನೋಡದೆ, ಹಿಂದೆ ನಿಂತಿದ್ದ ಯೂಟಿನ ಬಾನೆಟ್ ಮೇಲೆ ಇಳಿಯಿತು. ಕುಪ್ಪಳಿಸಿಕೊಂಡು ಗಾಜಿನ ಹತ್ತಿರ ಹೋಗಿ, ವೈಪರಿನ ರಬ್ಬರನ್ನು ಕೊಕ್ಕಿನಲ್ಲಿ ಹಿಡಿದು, ಒಂದು ಕಾಲನ್ನು ಗಾಜಿಗೆ ಒತ್ತಿ ಎಳೆಯಿತು. ಬರಲಿಲ್ಲ. ತಲೆ ಓರೆ ಮಾಡಿ ಬುಡ ಪರೀಕ್ಷಿಸಿತು. ಇನ್ನೊಂದು ಕಡೆಯಿಂದ ಎಳೆಯಿತು. ಕೆಲಸದಲ್ಲಿ ಎಷ್ಟು ಮುಳುಗಿತ್ತೆಂದರೆ ನಾವು ಮೂವರು ಹೆಂಗಸರು ಅಲ್ಲಿ ನಿಂತಿರುವುದೇ ಅದಕ್ಕೆ ಬೇಕಿರಲಿಲ್ಲ.

ಆಂಟಿ ಅದನ್ನೇ ನೋಡುತ್ತಾ ನಿಂತರು. ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಹೊಟ್ಟೆಯಿಂದ ಒಂದು ನಗು ಬಂತು. ಆ ಮನೆಯಲ್ಲಿದ್ದ ಅಷ್ಟು ತಿಂಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ನೋಡ್ದೇನವ್ವಾ ಸುಮಾ? ಥೇಟು ಇವ್ರೇ! ಊಟಕ್ಕೆ ಬನ್ನಿ ಅಂದ್ರೆ ಗಾಡಿ ಬಿಚ್ಕಂಡು ಕುಂತ್ಕಳಾದು. ಐದೇ ನಿಮಿಷ ಜಯಾ, ಐದೇ ನಿಮಿಷ ಜಯಾ... ಅಷ್ಟೊತ್ತಿಗೆ ಮುದ್ದೆ ಕಲ್ಲಾಗಿರಾದು. ಇವ್ರು ಉಣ್ಣದೆ ನಾನು ಉಣ್ಣಬಾರ್ದು ಅಂತ ನಾನೂ ಕಾಯ್ಕಂಡು, ದಿನಾ ಕಲ್ಲೇ ಉಂಡೆ."

ಸಿಂಚನ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಆಂಟಿಯ ನಗು ನಿಧಾನಕ್ಕೆ ನಿಂತಿತು. ಅವರು ಯೂಟಿನ ಕಡೆ ತಿರುಗಿ, ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತವರಂತೆ ಗಟ್ಟಿಯಾಗಿ ಕೂಗಿದರು: "ರೀ, ಬತ್ತೀರೋ ಇಲ್ವೋ? ಮುದ್ದೆ ಆರ್ತಾ ಐತೆ!"

ಹಕ್ಕಿ ತಲೆಯೆತ್ತಲಿಲ್ಲ. ರಬ್ಬರಿನ ಒಂದು ತುದಿ ಕಿತ್ತು ಬಂದಿತ್ತು, ಅದಕ್ಕೆ ಭಾರಿ ಸಂತೋಷವಾಗಿತ್ತು. ನಾನು ಓಡಿಸಲು ಹೋದೆ, "ಬುಡು, ಮಾಡ್ಕಳ್ಳಲಿ" ಎಂದು ಆಂಟಿ ತಡೆದರು.

ಆಮೇಲೆ ಅವರು ಬೆಂಚಿನ ಹತ್ತಿರ ಬಂದು ಕೂತರು. ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟರು. ಎಡೆಯನ್ನು ಕಾಗೆ ಮುಟ್ಟುವ ಮೊದಲು ಮನೆಯವರು ಮುಟ್ಟುವುದುಂಟೇ? ಅವರು ಮುದ್ದೆ ಮುರಿದರು. ಒಳಗೆ ಇನ್ನೂ ಬಿಸಿಯಿತ್ತು, ಸಣ್ಣಗೆ ಹಬೆ ಎದ್ದಿತು. ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ನುಂಗಿದರು.

"ಬಿಸಿ ಐತೆ" ಎಂದರು. "ಬನ್ನಿ, ನೀವೂ ಉಣ್ಣಿ. ಅವ್ರು ಬರೋ ಹೊತ್ತಿಗೆ ಬರ್ಲಿ."

ಮೂವರೂ ಆ ಒಂದೇ ಎಲೆಯಲ್ಲಿ ಉಂಡೆವು. ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡೇ ನಾನು ಕೋಳಿ ಚೀಪಿದೆ. ಎಷ್ಟೋ ವರ್ಷ ಪೈ ಮಾಡಿದ ಆಂಟಿ ಆ ದಿನ ಮೊದಲ ಸಲ ಒಂದನ್ನು ಮುರಿದು ತಿಂದು, ಉಪ್ಪು ಸಾಲದು ಎಂದರು. ಒಂದು ಅಗುಳನ್ನೂ ಉಳಿಸಲಿಲ್ಲ. ಎಲೆ ಮಡಚಿ ಚೀಲಕ್ಕೆ ಹಾಕುತ್ತಾ, ಅಕ್ಟೋಬರಿಗೆ ಸುಮಾಳ ಕೆಲಸ ಮುಗಿಯುತ್ತದೆ, ಅಷ್ಟರಲ್ಲಿ ಮನೆ ಮಾರಿಕೊಡುವವರನ್ನು ನೋಡು ಎಂದು ಮಗಳಿಗೆ ಹೇಳಿದರು. ನಾಳೆ ತರಕಾರಿ ತಾ ಎನ್ನುವಷ್ಟು ಸಲೀಸಾಗಿ ಹೇಳಿದರು.

ನಾವು ಯೂಟ್ ಹತ್ತಿದಾಗ ಹಕ್ಕಿ ಬೇಸರದಿಂದ ಕೆಳಗೆ ಹಾರಿ, ರಸ್ತೆಯಂಚಿನ ಕಂಬದ ಮೇಲೆ ಕೂತಿತು. ಗಾಡಿ ಹೊರಡುವ ಮುಂಚೆ ಆಂಟಿ ಕಿಟಕಿಯ ಗಾಜು ಇಳಿಸಿದರು. ಒಳಗೆ ಚಳಿಗಾಳಿ ನುಗ್ಗಿತು. ನಮ್ಮ ಕಡೆ ಮನೆ ಬಿಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಪಕ್ಕದ ಬೀದಿಗೆ ಹೊರಟರೂ ಬರುತ್ತೇನೆ ಎಂದೇ ಹೇಳುವುದು. ಆಂಟಿ ಕಂಬದ ಕಡೆ ತಿರುಗಿದರು.

"ಹೋಯ್ತೀನಿ ಕಣ್ರೀ" ಎಂದು ಹೇಳಿ ಗಾಜು ಏರಿಸಿದರು.